ಡಿಪೋದಲ್ಲಿದ್ದ ಆಚಾರಿ

ಟೈ ಕಟ್ಟಬೇಕೋ ಬೇಡವೋ ಎಂದು ಯಶೋಧರ ಆ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತ. ಕೆಲಸ ಕೇಳಲು ಹೊರಟಿದ್ದವನು ಅವನಲ್ಲ, ಮಗ. ಮಗನೋ ಹಳೇ ಜೀನ್ಸ್ ಹಾಕಿಕೊಂಡು, ಉಗುರು ಚೊಕ್ಕವಾಗಿ ಕತ್ತರಿಸಿಕೊಂಡು, ಬಾಗಿಲ ಬಳಿ ಮೊಬೈಲು ನೋಡುತ್ತ ಕೂತಿದ್ದ. ಟೈ ಕಟ್ಟಿಕೊಂಡು ಹೋದರೆ ಮರದ ಹೊಟ್ಟು ಹಾರುವ ವರ್ಕ್‌ಶಾಪಿನಲ್ಲಿ ಎಲ್ಲರೂ ತಿರುಗಿ ನೋಡುತ್ತಾರೆ. ಕಟ್ಟದೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ, ಅದು ಇನ್ನೂ ಕಷ್ಟ. ಕುವೈತಿನ ಶುಐಬಾದ ಕಂಪನಿಯಲ್ಲಿ ಡಾಕ್ಯುಮೆಂಟ್ ಸೆಕ್ಷನ್ನಿಗೆ ಹಿರಿಯನೆನಿಸಿಕೊಂಡ ತಾನು ಅರ್ಧ ದಿನ ರಜೆ ಹಾಕಿ ಮಗನನ್ನು ಬಡಗಿಯ ಹೆಲ್ಪರ್ ಕೆಲಸಕ್ಕೆ ಸೇರಿಸಲು ಹೊರಟಿದ್ದೇನೆ ಎಂಬುದನ್ನು ಅವನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹಲ್ಲುನೋವು ಎಂದಿದ್ದ. ಈಗ ಕನ್ನಡಿಯಲ್ಲಿ ನೋಡಿಕೊಂಡರೆ ದವಡೆ ನಿಜವಾಗಿ ಸ್ವಲ್ಪ ಬಾತ ಹಾಗೆ ಕಾಣುತ್ತಿತ್ತು. ಹೆಂಡತಿ ಆಶಾಲತಾ ಅಡುಗೆಮನೆಯಿಂದ ಇಣುಕಿ, "ಎಂತ, ಹೆಣ್ಣು ನೋಡ್ಲಿಕ್ಕೆ ಹೋಗುದಾ ನೀವು?" ಎಂದಳು. ಅವನು ಟೈ ಬಿಚ್ಚಿ ಹಾಸಿಗೆಯ ಮೇಲೆ ಬಿಸಾಡಿ ಕಾರಿನ ಕೀ ಹುಡುಕತೊಡಗಿದ.

ಸುಮಿತನಿಗೆ ಇಪ್ಪತ್ತೊಂದು ತುಂಬುತ್ತ ಬಂದಿತ್ತು. ಅದು ತುಂಬಿದ ಮೇಲೆ ಅಪ್ಪನ ಇಕಾಮಾದ, ಅಂದರೆ ವಾಸದ ಪರವಾನಗಿಯ, ನೆರಳಲ್ಲಿ ಕೂರುವ ಹಾಗಿಲ್ಲ. ಕಾಲೇಜಾದರೂ ಸೇರಬೇಕು, ಕೆಲಸವಾದರೂ ಹಿಡಿಯಬೇಕು, ಎರಡೂ ಇಲ್ಲವಾದರೆ ಊರಿಗೆ ಟಿಕೆಟ್. ಯಶೋಧರ ತನ್ನ ಕೈಲಾದಲ್ಲೆಲ್ಲ ಹೇಳಿಟ್ಟಿದ್ದ. ಒಂದು ಕಾರ್ಗೋ ಆಫೀಸು, ಒಂದು ಟ್ರಾವೆಲ್ಸು. ಹುಡುಗ ಹೋಗಿ ಕೂತು, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟು, ಮನೆಗೆ ಬಂದು "ನಾಟ್ ಫಾರ್ ಮಿ ಪಪ್ಪ" ಎನ್ನುತ್ತಿದ್ದ. ಜಗಳವಿಲ್ಲ, ರಂಪವಿಲ್ಲ. ರಂಪ ಮಾಡಿದ್ದರೆ ಬೈಯಬಹುದಿತ್ತು. ಆಮೇಲೆ ಅವನೇ ಬಸ್ಸು ಹಿಡಿದು ಶುವೈಖಿನ ಮರಗೆಲಸದ ಗಲ್ಲಿಗಳಲ್ಲಿ ಅಂಗಡಿ ಅಂಗಡಿ ಹತ್ತಿಳಿದು ಬರುತ್ತಿದ್ದಾನೆ ಎಂಬುದು ಗೊತ್ತಾದದ್ದು ಅವನ ಅಂಗಿಯ ತೋಳಿಗೆ ಅಂಟಿದ್ದ ಧೂಳಿನಿಂದ. ಎಲ್ಲ ಕಡೆಯೂ ಒಂದೇ ಪ್ರಶ್ನೆ: ಎಲ್ಲಿ ಮಾಡಿದ್ದೀ, ಯಾರ ಕೈಕೆಳಗೆ ಕಲಿತೆ? ಈಜಿಪ್ಟಿನ ಒಬ್ಬ ಮಿಸ್ರಿ ಮೇಸ್ತ್ರಿ ಕನಿಕರಪಟ್ಟು ಕೈಗೆ ಪೊರಕೆ ಕೊಟ್ಟನಂತೆ. ಅರ್ಧ ಅಂಗಳ ಗುಡಿಸುವಷ್ಟರಲ್ಲಿ ಅಪ್ಪ ಎಲ್ಲಿ ಕೆಲಸ, ಮನೆ ಎಲ್ಲಿ ಎಂದು ವಿಚಾರಿಸಿ, ಅನುಕೂಲಸ್ಥರು ಇರುವ ಸಾಲ್ಮಿಯಾ ಎಂದು ಕೇಳಿದ್ದೇ ತಡ, ಪೊರಕೆಯನ್ನು ವಾಪಸು ಕಸಿದುಕೊಂಡನಂತೆ. ಇದನ್ನು ಸುಮಿತ್ ಊಟದ ಹೊತ್ತಿಗೆ ನಗುತ್ತ ಹೇಳಿದ. ಹುಡುಗನ ಕೈಯಿಂದ ಪೊರಕೆ ಕಸಿದುಕೊಂಡದ್ದಕ್ಕೆ ತನಗೆ ಸಮಾಧಾನವಾಯಿತೋ ಅವಮಾನವಾಯಿತೋ ಯಶೋಧರನಿಗೆ ಬಗೆಹರಿಯಲಿಲ್ಲ.

ಈ ವಿಷಯದಲ್ಲಿ ಮಹಮ್ಮದ್ ಕುಂಞಿ ತಲೆಹಾಕಿದ್ದು ಹೀಗೆ. ಮೈದಾನ್ ಹವಲ್ಲಿಯಲ್ಲಿ ಅವರದ್ದೊಂದು ಹಾರ್ಡ್‌ವೇರ್ ಅಂಗಡಿ. ಸ್ಕ್ರೂ, ಬಿಜಾಗರಿ, ಬಾಗಿಲ ಹಿಡಿಕೆ. ಸುಮಿತ್ ಅಲ್ಲಿಗೆ ಹೋಗಿ ಗಂಟೆಗಟ್ಟಲೆ ನಿಂತು ಉಳಿಗಳನ್ನು ಮುಟ್ಟಿ ನೋಡುತ್ತಿದ್ದನಂತೆ. ಕುಂಞಿಯವರು ಫೋನು ಮಾಡಿ, "ಯಶೋಧರಣ್ಣ, ನೀವೆಂತ ಮಾರಾಯ್ರೇ, ಹೇಳುದಲ್ವಾ? ನಮ್ಮ ಡೋಲ್ಫಿ ಇದ್ದಾನಲ್ಲ, ಬಜ್ಪೆಯವ, ದೊಡ್ಡ ವರ್ಕ್‌ಶಾಪಿನ ಫೋರ್‌ಮನ್. ನಾನೇ ಬರ್ತೇನೆ ಜೊತೆಗೆ. ಮರದವರ ಮನೆಯ ಮಾಣಿ ಮರಕ್ಕೇ ಬಂದನಲ್ಲ, ಖುಷಿಯ ವಿಷಯ" ಎಂದರು. ಯಶೋಧರ ಹ್ಞೂಂ ಹ್ಞೂಂ ಎಂದ. ಇನ್ನೇನು ಅನ್ನುವುದು?

ಈಗ ಅವರನ್ನು ಅಂಗಡಿಯ ಎದುರಿನಿಂದ ಹತ್ತಿಸಿಕೊಂಡು ಕಾರು ಫೋರ್ತ್ ರಿಂಗ್ ರೋಡು ಹಿಡಿದಿತ್ತು. ಕುಂಞಿಯವರು ಮುಂದಿನ ಸೀಟಿನಲ್ಲಿ ಅತ್ತರಿನ ಪರಿಮಳದೊಂದಿಗೆ ತುಂಬಿಕೊಂಡಿದ್ದರು. ಉಪ್ಪಿನಂಗಡಿಯ ಅವರ ಬಾಪ ಮರದ ವ್ಯಾಪಾರದವರು, ನಿಂತ ಮರಕ್ಕೆ ಕಣ್ಣಳತೆಯಲ್ಲೇ ಬೆಲೆ ಕಟ್ಟುತ್ತಿದ್ದವರು. ಕುವೈತಿಗೆ ಬಂದ ಹೊಸತರಲ್ಲಿ, ಅಬ್ಬಾಸಿಯಾದ ಒಂದು ಕೂಟದಲ್ಲಿ, ಪೇಪರ್ ಪ್ಲೇಟಿನಲ್ಲಿ ಕೋರಿರೊಟ್ಟಿ ಹಿಡಿದುಕೊಂಡು ಇದೇ ಕುಂಞಿಯವರು "ನಿಮ್ಮ ತಂದೆಯವರು ಎಂತ ಮಾಡಿಕೊಂಡಿದ್ದಾರೆ?" ಎಂದು ಕೇಳಿದ್ದರು. ಸುತ್ತ ನಾಲ್ಕು ಜನ ನಿಂತಿದ್ದರು, ಒಬ್ಬರ ತಂದೆ ಹೆಡ್‌ಮಾಸ್ಟರು, ಇನ್ನೊಬ್ಬರದು ಹೋಟೆಲು. ಯಶೋಧರ "ಟಿಂಬರ್ ಡಿಪೋ" ಎಂದ. ಯಾಕೆ ಹಾಗೆಂದ ಎಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದಾನೆ. ಕೇಳಿದವರು ಬೇರೆ ಯಾರಾದರೂ ಆಗಿದ್ದರೆ ಸುಳ್ಳು ಅಲ್ಲೇ ಸತ್ತುಹೋಗುತ್ತಿತ್ತು. ಮರದ ವ್ಯಾಪಾರಿಯ ಮಗನ ಮುಂದೆಯೇ ಹೇಳಿದ್ದರಿಂದ ಅದಕ್ಕೆ ವರ್ಷಾವರ್ಷ ನೀರೆರೆಯಬೇಕಾಯಿತು. ಯಾವ ಮಿಲ್ಲಿನಲ್ಲಿ ಸೀಳಿಸುತ್ತಿದ್ದಿರಿ? ಕಿರಾಲುಬೋಗಿ ಮರ ನಿಮ್ಮ ಕಡೆ ಸಿಗುತ್ತಿತ್ತಾ? ಹೆಬ್ಬಲಸು ಒಣಗಲು ಎಷ್ಟು ಕಾಲ ಬಿಡುತ್ತಿದ್ದರು? ಯಶೋಧರ ಒಂದಕ್ಕೂ ತಡವರಿಸಲಿಲ್ಲ. ಸಣ್ಣವನಿದ್ದಾಗ ಅಪ್ಪನ ಪಕ್ಕ ಕೂತು ಕಿವಿಗೆ ಬಿದ್ದದ್ದೆಲ್ಲ ಆಗ ಉಪಯೋಗಕ್ಕೆ ಬಂತು. ಅಪ್ಪ ಕಲಿಸಿದ ವಿದ್ಯೆಯಿಂದಲೇ ಅಪ್ಪನನ್ನು ಮುಚ್ಚಿಡುವುದು ಎಷ್ಟು ಸುಲಭವಾಗಿತ್ತೆಂದರೆ, ಅವನಿಗೆ ಒಮ್ಮೊಮ್ಮೆ ನಗು ಕೂಡ ಬರುತ್ತಿತ್ತು.

"ಮಾಣೀ, ನಿನ್ನ ಅಜ್ಜನ ಡಿಪೋ ನೋಡಿದ್ದೀಯಾ ನೀನು?" ಎಂದು ಕುಂಞಿಯವರು ಹಿಂದಕ್ಕೆ ತಿರುಗಿದರು. ಯಶೋಧರ ರಸ್ತೆಯ ಮೇಲಿನಿಂದ ಕಣ್ಣು ತೆಗೆಯಲಿಲ್ಲ. "ಯಾ ಅಂಕಲ್, ಎವೆರಿ ವೆಕೇಶನ್" ಎಂದು ಸುಮಿತ್ ಹೇಳಿದ್ದು ಕೇಳಿಸಿತು. ಹುಡುಗ ಪಳಗಿದ್ದ. ತೀರಾ ಚಿಕ್ಕವನಿದ್ದಾಗ ಒಂದು ಪಿಕ್‌ನಿಕ್ಕಿನಲ್ಲಿ "ಮೈ ಅಜ್ಜ ಮೇಕ್ಸ್ ಡೋರ್ಸ್" ಎಂದು ಯಾರಿಗೋ ಹೇಳಿದಾಗ, ಯಶೋಧರ ಅವನ ತೊಡೆ ಹಿಂಡಿ, "ಡಿಪೋದಲ್ಲಿ ಮಾಡಿಸ್ತಾರೆ, ಆರ್ಡರ್ ಇದ್ರೆ" ಎಂದು ಸರಿಪಡಿಸಿದ್ದ. ಹುಡುಗ ಅತ್ತಿರಲಿಲ್ಲ. ತೊಡೆ ನೀವಿಕೊಳ್ಳುತ್ತ ಅಪ್ಪನ ಮುಖವನ್ನೇ ನೋಡಿದ್ದ. ಆಮೇಲಿಂದ ಒಂದು ದಿನವೂ ಅವನು ತಪ್ಪಿ ನುಡಿದದ್ದಿಲ್ಲ. ಆದರೆ ಪ್ರತಿ ಬೇಸಿಗೆ ರಜೆಯಲ್ಲಿ ಊರಿಗೆ ಹೋದರೆ ಸಾಕು, ಚೀಲ ಇಳಿಸಿ ನೇರ ಅಜ್ಜನ ಚಪ್ಪರದ ಕೆಳಗೆ ಓಡುತ್ತಿದ್ದ. ವಾಪಸು ವಿಮಾನ ಹತ್ತುವ ದಿನ ಅವನ ಅಂಗೈಯಲ್ಲಿ ಹೊಸ ಗುಳ್ಳೆಗಳಿರುತ್ತಿದ್ದವು. ಗುಳ್ಳೆ ಕಂಡಾಗೆಲ್ಲ ಯಶೋಧರ ಕ್ರೀಮು ಹಚ್ಚುತ್ತಿದ್ದ.

ವರ್ಕ್‌ಶಾಪಿನ ಒಳಗೆ ಯಂತ್ರಗಳ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಕುವೈತಿಗಳು ಸಂಜೆ ಕೂಟ ಸೇರುವ ದಿವಾನಿಯಾಗಳಿಗೆ ಬೇಕಾಗುವ ಉದ್ದುದ್ದ ಆಸನಗಳ ಚೌಕಟ್ಟುಗಳು ಗೋಡೆಗೆ ಒರಗಿದ್ದವು. ಡೋಲ್ಫಿ ಗಟ್ಟಿಮುಟ್ಟಾದ ಕುಳ್ಳ ಮನುಷ್ಯ, ಕಿವಿಯ ಮೇಲೆ ಪೆನ್ಸಿಲು, ಕೊರಳಲ್ಲಿ ಶಿಲುಬೆಯ ಸರ. ಗಾಜಿನ ಕ್ಯಾಬಿನ್ನಿಗೆ ಕರೆದು ಕೂರಿಸಿದ. ಮಾತು ತುಳುವಿನಲ್ಲಿ ಶುರುವಾಗಿ, ಸುಮಿತನ ಮುಖ ನೋಡಿ ಕನ್ನಡಕ್ಕೆ ಹೊರಳಿತು. ಡೋಲ್ಫಿ ಹುಡುಗನನ್ನು ತಲೆಯಿಂದ ಕಾಲಿನವರೆಗೆ ಅಳೆದು, ಯಶೋಧರನ ಕಡೆ ತಿರುಗಿ ಹೇಳಿದ:

"ಬೇಜಾರ್ ಮಾಡ್ಬೇಡಿ ಯಶೋಧರರೇ. ಕುಂಞಾಕ ಹೇಳಿದ್ರು ಅಂತ ಒಪ್ಪಿದ್ದು. ಫ್ಯಾಮಿಲಿ ವೀಸಾದ ಹುಡುಗರನ್ನು ನಾನು ತಗೊಳ್ಳುದಿಲ್ಲ. ಎರಡು ದಿನ ಬರ್ತಾರೆ, ಮೂರನೇ ದಿನ ತಾಯಿ ಫೋನು. ಕೆಲಸ ಗೊತ್ತಿದ್ದವರ ಮನೆಯಿಂದ ಬಂದ್ರೆ ಬೇರೆ ಮಾತು. ಆಚಾರಿಗಳ ಮನೆಯ ಮಕ್ಕಳಾದ್ರೆ ನಾನು ಟ್ರಯಲ್ ಕೂಡ ಕೇಳುದಿಲ್ಲ, ನಾಳೆಯಿಂದ ಬಾ ಅಂತ ಹೇಳ್ತೇನೆ. ಅವರಿಗೆ ಮರ ಅಂದ್ರೆ ಏನು ಅಂತ ಹೇಳಿಕೊಡ್ಬೇಕಾಗಿಲ್ಲ ನೋಡಿ."

ಸುಮಿತ್ ಅಪ್ಪನನ್ನು ನೋಡಿದ. ಒಂದೇ ಒಂದು ಸಲ, ಅವಸರವಿಲ್ಲದೆ. ಯಶೋಧರನಿಗೆ ತನ್ನ ಎದುರು ಬಾಗಿಲು ತೆರೆದದ್ದು ಸ್ಪಷ್ಟವಾಗಿ ಕಂಡಿತು. ಹೇಳಲು ಬೇಕಾದದ್ದು ಎರಡೇ ಮಾತು, ನಾವೂ ಆಚಾರಿಗಳೇ ಎಂದರೆ ಮುಗಿಯಿತು. ಪಕ್ಕದಲ್ಲಿ ಕುಂಞಿಯವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅಷ್ಟು ವರ್ಷಗಳ ಕಿರಾಲುಬೋಗಿ, ಹೆಬ್ಬಲಸು, ಇಲ್ಲದ ಲಾರಿಗಳು, ಇಲ್ಲದ ಮಿಲ್ಲು ಎಲ್ಲವೂ ಅವರ ಆ ಬಿಳಿ ಅಂಗಿಯೊಳಗೆ ಜೋಪಾನವಾಗಿದ್ದವು. ಅವರು ಬೈಯುವವರಲ್ಲ. "ಹೌದಾ?" ಎನ್ನುತ್ತಿದ್ದರು, ಅಷ್ಟೇ. ಆ 'ಹೌದಾ'ವನ್ನು ಯಶೋಧರ ಕಲ್ಪಿಸಿಕೊಂಡ. "ಹುಡುಗನಿಗೆ ಇಂಟರೆಸ್ಟ್ ಉಂಟು" ಎಂದ. ಮಾತು ತನಗೇ ಸಪ್ಪೆ ಎನಿಸಿ, "ಯೂಟ್ಯೂಬಿನಲ್ಲೆಲ್ಲ ನೋಡ್ತಾನೆ" ಎಂದು ಸೇರಿಸಿದ. ಡೋಲ್ಫಿ ನಕ್ಕ. ಸುಮಿತ್ ತಲೆ ತಗ್ಗಿಸಿ ಅಂಗೈ ಉಜ್ಜಿಕೊಂಡ.

ಆದರೂ ಡೋಲ್ಫಿ ದಾಕ್ಷಿಣ್ಯದ ಮನುಷ್ಯ. ಕುಂಞಿಯವರ ಮಾತಿಗೆ ಬೆಲೆ ಕೊಟ್ಟು ಎರಡು ತುಂಡು ಮರ ತಂದು ಮುಂದಿಟ್ಟ. ಒಂದರ ತುದಿಯನ್ನು ನಾಲಿಗೆಯ ಹಾಗೆ ಕೊರೆದು, ಇನ್ನೊಂದರಲ್ಲಿ ಗುಳಿ ತೋಡಿ, ಮೊಳೆ ಅಂಟು ಇಲ್ಲದೆ ಕೂರಿಸಬೇಕು. "ಮಿಷನ್ ಇಲ್ಲ, ಕೈಯಲ್ಲಿ. ಬೆಂಚು ಆಚೆ ಉಂಟು. ಎಷ್ಟು ಹೊತ್ತು ಬೇಕಾದ್ರೂ ತಗೋ." ಇದು ಆಗದ ಕೆಲಸ ಎಂಬುದು ಅವನ ದನಿಯಲ್ಲಿತ್ತು. ಸುಮಿತ್ ಬೆಂಚಿನವರೆಗೆ ಹೋದ, ಮರವನ್ನು ಅದರ ಮೇಲಿಟ್ಟ, ಉಳಿ ಹಿಡಿದು ಅತ್ತ ಇತ್ತ ಬಾಗಿ ನೋಡಿದ. ಬೆಂಚು ಅವನಿಗೆ ಒಗ್ಗಲಿಲ್ಲ. ಆಮೇಲೆ ಯಾರೂ ಹೇಳದೆ ಮೂಲೆಗೆ ಸರಿದು, ಒಂದು ರಟ್ಟು ಹಾಸಿ, ಶೂಸು ಸಾಕ್ಸು ಬಿಚ್ಚಿ ಪಕ್ಕಕ್ಕಿಟ್ಟು, ನೆಲದ ಮೇಲೆ ಕೂತ. ಎಡಗಾಲು ಚಾಚಿ, ಬಲಗಾಲು ಮಡಚಿ, ಮರದ ತುಂಡನ್ನು ಎರಡು ಪಾದಗಳ ನಡುವೆ ಇಟ್ಟು ಹೆಬ್ಬೆರಳುಗಳಿಂದ ಬಿಗಿದ. ಉಳಿಯನ್ನು ಕಣ್ಣಿಗೊತ್ತಿಕೊಂಡು ಕೆಲಸ ಶುರು ಮಾಡಿದ.

ಸದ್ದು ಒಂದೊಂದಾಗಿ ನಿಂತಿತು. ಒಬ್ಬ ನೇಪಾಳಿ, ಇಬ್ಬರು ಬಿಹಾರಿಗಳು, ಯಂತ್ರದ ಮುಂದಿದ್ದ ಮಿಸ್ರಿ, ಎಲ್ಲರೂ ಬಂದು ಸುತ್ತ ನಿಂತರು. ಯಾರೋ ಮೊಬೈಲು ಹೊರತೆಗೆದ. "ಅರೇ ಭಾಯಿ, ಪೈರ್ ಸೇ!" ಎಂದು ಅವನ ಕಾಲು ತೋರಿಸಿ ನಕ್ಕರು. ಯಶೋಧರ ಆ ಹೆಬ್ಬೆರಳನ್ನು ನೋಡಿದ. ಐದನೇ ಕ್ಲಾಸಿನಲ್ಲಿ ಒಂದು ಮಧ್ಯಾಹ್ನ ಬುತ್ತಿ ಹಿಡಿದು ಅವನು ಲೆಕ್ಕದ ಮೇಷ್ಟ್ರ ಮನೆಗೆ ಹೋಗಿದ್ದ, ಅಲ್ಲಿ ಅಪ್ಪ ಮಂಚ ಮಾಡುತ್ತಿದ್ದ. ಮೇಷ್ಟ್ರ ಮಗಳು ಅವನದೇ ಕ್ಲಾಸು. ಅವಳು ಜಗಲಿಯ ಕಂಬಕ್ಕೆ ಒರಗಿ ಅಪ್ಪನ ಕಾಲನ್ನೇ ನೋಡುತ್ತಿದ್ದಳು, ಉಗುರು ಸೀಳಿ ಕಪ್ಪಾಗಿದ್ದ ಆ ದೊಡ್ಡ ಹೆಬ್ಬೆರಳು ಹಲಗೆಯನ್ನು ಕಚ್ಚಿ ಹಿಡಿದದ್ದನ್ನು. "ಇವ್ರ ಕಾಲಿಗೆ ಕೈ ಉಂಟಲ್ಲ" ಎಂದಳು. ಅವಳು ಆಶ್ಚರ್ಯದಿಂದ ಹೇಳಿದ್ದು, ಹಂಗಿಸಿ ಅಲ್ಲ. ಅಪ್ಪ ತಲೆ ಎತ್ತಿ ನಕ್ಕಿದ್ದ. ಬುತ್ತಿಯನ್ನು ಮೆಟ್ಟಿಲ ಮೇಲಿಟ್ಟು ಓಡಿ ಬಂದವನು ಯಶೋಧರ. ಅಂದಿನಿಂದ ಅವನು ಶಾಲೆಗೆ ಬರಿಗಾಲಲ್ಲಿ ಹೋಗಲೊಲ್ಲದೆ ಹಠ ಹಿಡಿದು ಚಪ್ಪಲಿ ಕೊಡಿಸಿಕೊಂಡ. ಅವನ ಪಾದಗಳು ಈಗ ಮೆತ್ತಗೆ ಬೆಳ್ಳಗಿವೆ, ಸಮುದ್ರದ ದಂಡೆಯಲ್ಲಿ ವಾಕಿಂಗ್ ಹೋಗುವಾಗ ಕೂಡ ಸಾಕ್ಸು ಹಾಕುತ್ತಾನೆ. ಮಗನ ಹೆಬ್ಬೆರಳು ಅಗಲವಾಗಿ, ತುಸು ಹೊರಕ್ಕೆ ಬಾಗಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅದನ್ನು ನೋಡಿರಲಿಲ್ಲವಲ್ಲ ಎಂದು ಅವನಿಗೆ ಭಯವಾಯಿತು.

ನಗೆ ತಾನಾಗಿ ಕಡಿಮೆಯಾಯಿತು. ಹುಡುಗ ನಿಧಾನ ಮಾಡುತ್ತಿದ್ದ, ಒಂದು ಕಡೆ ಕೈ ಜಾರಿ ಅಂಚು ಸ್ವಲ್ಪ ಸಿಬಿರೆದ್ದಿತು, ಆದರೂ ನಾಲಿಗೆ ಗುಳಿಯೊಳಗೆ ಮೆಲ್ಲಗೆ ಹೋಗಿ ಕೂತಾಗ ಬೆಳಕು ನುಸುಳುವಷ್ಟು ಸಂದಿ ಇರಲಿಲ್ಲ. ಡೋಲ್ಫಿ ಅದನ್ನು ಎತ್ತಿ, ತಿರುಗಿಸಿ, ಕನ್ನಡಕ ಹಣೆಗೇರಿಸಿ ನೋಡಿದ. "ಇದು ಯೂಟ್ಯೂಬಿನದ್ದಲ್ಲ" ಎಂದ. "ಹೀಗೆ ಕೂತು ಮಾಡುವವರನ್ನು ನಾನು ಊರು ಬಿಟ್ಟ ಮೇಲೆ ನೋಡಿಲ್ಲ. ಯಾರು ಕಲಿಸಿದ್ದು ನಿನಗೆ?"

ಸುಮಿತ್ ಕಾಯುತ್ತಿದ್ದ. ಆ ಕಾಯುವಿಕೆ ಯಶೋಧರನ ಮೈಗೆ ತಗಲುತ್ತಿತ್ತು. ಈಗ ಹೇಳಿಬಿಡುತ್ತೇನೆ ಎಂದು ಅವನು ಉಸಿರೆಳೆದುಕೊಂಡದ್ದು ಸುಳ್ಳಲ್ಲ. ಅಷ್ಟರಲ್ಲಿ ಕುಂಞಿಯವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, "ಗೊತ್ತಾಗುದಿಲ್ವಾ ಡೋಲ್ಫಿ? ಇವರ ಡಿಪೋದಲ್ಲಿ ಕೆಲಸದವರು ಇದ್ದಿರ್ಬೇಕು. ರಜೆಯಲ್ಲಿ ಹೋದ ಮಾಣಿ ನೋಡಿ ಕಲಿತದ್ದು" ಎಂದರು. ಯಶೋಧರ ಎಳೆದುಕೊಂಡ ಉಸಿರನ್ನು ಬಿಟ್ಟ.

"ಹೌದು" ಎಂದ. "ನಮ್ಮ ಡಿಪೋದಲ್ಲಿ ಒಬ್ಬ ಆಚಾರಿ ಇದ್ದ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕಟ್ಟೆ ಒಡೆದ ಹಾಗೆ ಮಾತು ಬರತೊಡಗಿತು. ಭಾರೀ ಕೈಯವ ಎಂದ. ಮೊಳೆ ಹೊಡೆಯುವುದೆಂದರೆ ಅವನಿಗೆ ಆಗುತ್ತಿರಲಿಲ್ಲ, ಮರಕ್ಕೆ ನೋಯುತ್ತದೆ ಎನ್ನುತ್ತಿದ್ದ. ಹಲಗೆಯನ್ನು ಬೆರಳ ಗಂಟಿನಿಂದ ತಟ್ಟಿ, ಕಿವಿಗೊಟ್ಟು, ಒಳಗೆ ಹಸಿ ಇದೆ ಎಂದು ಹೇಳುತ್ತಿದ್ದ. ಒಂದು ದೈವಸ್ಥಾನದ ಬಾಗಿಲು ಮಾಡಲು ಹೋದವನು ಅಷ್ಟು ದಿನವೂ ಒಪ್ಪೊತ್ತು ಉಂಡು ಕೆಲಸ ಮಾಡಿದ. ಸಂಜೆ ಉಳಿಗಳಿಗೆ ಎಣ್ಣೆ ಒರೆಸಿ ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಮಲಗಿಸುತ್ತಿದ್ದ, ಮಕ್ಕಳನ್ನು ಮಲಗಿಸಿದ ಹಾಗೆ. ಡೋಲ್ಫಿ ಗೌರವದಿಂದ ತಲೆದೂಗುತ್ತಿದ್ದ, ಕುಂಞಿಯವರು ಬಾಯಿ ಬಿಟ್ಟು ಕೇಳುತ್ತಿದ್ದರು. ಕುವೈತಿಗೆ ಬಂದ ಮೇಲೆ ಮೊದಲ ಬಾರಿಗೆ ಯಶೋಧರ ತನ್ನ ಅಪ್ಪನ ಬಗ್ಗೆ ನಿಜವನ್ನೇ ಹೇಳುತ್ತಿದ್ದ, ಅಪ್ಪ ಎಂಬುದೊಂದನ್ನು ಬಿಟ್ಟು. ಎದೆ ಹಗುರಾಗುತ್ತಿತ್ತು. ಇಷ್ಟು ಸುಖವಾಗಿ ಅಪ್ಪನನ್ನು ಹೊಗಳಬಹುದೆಂದು ಗೊತ್ತಿದ್ದರೆ ಎಂದೋ ಅವನನ್ನು ಡಿಪೋದ ಆಚಾರಿ ಮಾಡಿಬಿಡಬಹುದಿತ್ತು ಎನಿಸಿತು. ಎನಿಸಿದ ಕೂಡಲೇ ನೆಲದ ಮೇಲೆ ಕೂತಿದ್ದ ಮಗ ಕಣ್ಣಿಗೆ ಬಿದ್ದ. ಸುಮಿತ್ ಸಿಬಿರೆದ್ದ ಮರದ ಅಂಚನ್ನು ಉಗುರಿನಿಂದ ಸವರುತ್ತಿದ್ದ. ಅಪ್ಪನ ಕಡೆ ನೋಡುತ್ತಿರಲಿಲ್ಲ.

"ಕೈ ಉಂಟು" ಎಂದು ಡೋಲ್ಫಿ ತೀರ್ಪು ಹೇಳಿದ. "ಆದ್ರೆ ಮಗಾ, ಇಲ್ಲಿ ಹೀಗೆ ಕೂತ್ಕೊಳ್ಳುವ ಹಾಗಿಲ್ಲ. ಸೇಫ್ಟಿಯವರು ಬಂದ್ರೆ ನನಗೆ ಫೈನು. ಶೂಸು ಹಾಕಿ ಬೆಂಚಿನಲ್ಲಿ ಕಲೀಬೇಕು. ಮೊದಲು ಬರೀ ಪಾಲಿಶ್ ಕಾಗದ ಉಜ್ಜುದು, ಗುಡಿಸುದು. ಸಂಬಳ ಹೆಲ್ಪರಿನದ್ದೇ. ನಮ್ಮ ಮಾಲಕ ಕಫೀಲನ ಹತ್ರ ನಾನು ಮಾತಾಡ್ತೇನೆ, ವೀಸಾ ಇಲ್ಲಿಗೇ ಹಾಕಿಸುವ. ಆಗ್ತದಾ?"

"ಆಗ್ತದೆ ಅಂಕಲ್" ಎಂದ ಸುಮಿತ್. ಅವನು ಕನ್ನಡದಲ್ಲಿ ಉತ್ತರ ಕೊಟ್ಟದ್ದನ್ನು ಯಶೋಧರ ಗಮನಿಸಿದ. ಕೆಲಸ ಸಿಕ್ಕಿತು. ಊರಿಗೆ ಟಿಕೆಟ್ ಬೇಕಾಗಿಲ್ಲ, ಆಶಾಲತಾಗೆ ಫೋನು ಮಾಡಬೇಕು. ಸಿಕ್ಕಿದ್ದು ತನ್ನಿಂದಲ್ಲ, ತಾನು ಬಾಯಿ ಬಿಡದಿದ್ದರೂ ಸಿಕ್ಕಿತು; ಹಾಗಾದರೆ ಬಾಯಿ ಬಿಡದೆ ಇದ್ದುದರಿಂದ ಯಾರಿಗೂ ನಷ್ಟವಾಗಲಿಲ್ಲವಲ್ಲ. ಈ ಲೆಕ್ಕ ಸರಿಯಾಗಿಯೇ ಇತ್ತು. ಅವನು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ.

ನಾಲ್ವರೂ ಕ್ಯಾಬಿನ್ನಿಗೆ ಮರಳಿ ಕೂತ ಮೇಲೆ ಹಾಲಿಲ್ಲದ ಸುಲೈಮಾನಿ ಚಹಾ ಬಂತು. ಡೋಲ್ಫಿ ಮಾತ್ರ ಆ ಎರಡು ತುಂಡು ಮರವನ್ನು ಕೆಳಗಿಡಲಿಲ್ಲ. ಕೂಡಿಸಿ ಬಿಡಿಸಿ ಮಾಡುತ್ತ, "ಆ ಆಚಾರಿ ಈಗ ಎಲ್ಲಿದ್ದಾನೆ?" ಎಂದು ಕೇಳಿದ.

"ತೀರಿಕೊಂಡ. ಹೋದ ವರ್ಷ."

"ಛೆ" ಎಂದ ಡೋಲ್ಫಿ. ನಿಜವಾಗಿಯೂ ಮರುಗಿದ. "ಅಂಥವರು ಇನ್ನು ಸಿಗ್ಲಿಕ್ಕಿಲ್ಲ. ಒಂದು ಮಾತು ಯಶೋಧರರೇ. ನನ್ನ ಹತ್ರ ಕಾರ್ಪೆಂಟರ್ ವೀಸಾ ಒಂದು ಖಾಲಿ ಉಂಟು, ಒಳ್ಳೇ ಸಂಬಳದ್ದು. ಅವನಿಗೆ ಗಂಡುಮಕ್ಕಳು ಯಾರಾದ್ರೂ ಇದ್ರೆ ಹೇಳಿ. ಅಪ್ಪನ ಕೈ ಮಗನಿಗೆ ಬಾರದೆ ಇರುದಿಲ್ಲ. ನಾಳೆಯೇ ಕರೆಸುವ."

ಕುಂಞಿಯವರು ಕೂಡಲೇ ಹುಮ್ಮಸ್ಸಿನಿಂದ, "ಹೇಳಿ ಯಶೋಧರಣ್ಣ, ಒಬ್ಬ ಬಡವನಿಗೆ ದಾರಿಯಾಗ್ತದೆ. ಮಗ ಉಂಟಾ ಅವನಿಗೆ?" ಎಂದರು.

ಚಹಾದ ಲೋಟ ಸುಡುತ್ತಿತ್ತು. ಯಶೋಧರ ಅದನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು.

"ಮಗ ಇಲ್ಲ ಅಂಕಲ್" ಎಂದ ಸುಮಿತ್. ಅವನು ಎದ್ದು ನಿಂತು ಜೀನ್ಸಿನ ಮೇಲಿನ ಹೊಟ್ಟನ್ನು ಕೊಡವುತ್ತಿದ್ದ. ದನಿಯಲ್ಲಿ ಕೋಪವಿರಲಿಲ್ಲ. "ಅವರಿಗೆ ಮಗ ಇಲ್ಲ, ಮಗಳೂ ಇಲ್ಲ. ಒಬ್ಬ ಮೊಮ್ಮಗ ಇದ್ದಾನೆ."

ಕುಂಞಿಯವರು ತೊಡೆ ತಟ್ಟಿಕೊಂಡು ನಗತೊಡಗಿದರು. "ಮಕ್ಕಳೇ ಇಲ್ಲದೆ ಮೊಮ್ಮಗ ಎಲ್ಲಿಂದ ಬಂದ ಮಾರಾಯ? ನೋಡಿ ಡೋಲ್ಫಿ, ನಮ್ಮ ಕುವೈತಿನ ಮಕ್ಕಳ ಕನ್ನಡ!" ಡೋಲ್ಫಿಯೂ ನಕ್ಕ. ಕ್ಯಾಬಿನ್ನಿನ ಬಾಗಿಲಲ್ಲಿದ್ದ ಬಿಹಾರಿ ಏನೂ ಅರ್ಥವಾಗದೆ ಅವರ ಜೊತೆ ಹಲ್ಲು ಕಿರಿದ. "ಹೌದಾ ಅಂಕಲ್? ಸಾರಿ" ಎಂದು ಸುಮಿತ್ ಬರಿಗಾಲಲ್ಲೇ ಚಹಾದ ತಟ್ಟೆ ಎತ್ತಿಕೊಂಡು ಹೊರಗೆ ಹೋದ. ಅವರೆಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ಯಶೋಧರ.